ಯಾಡಿ ಕೊಟ್ಟ ಕೂಸು

ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪವನ್ನು ಲಂಬಾಣಿಗಳು ಭಾಯಾಗಡ್ ಎನ್ನುತ್ತಾರೆ. ಫೆಬ್ರುವರಿಯಲ್ಲಿ ಸಂತ ಸೇವಾಲಾಲ್ ಜಯಂತಿಯ ಹೊತ್ತಿಗೆ ಮಾಲೆ ಧರಿಸಿದವರು ದೂರದೂರದ ತಾಂಡಾಗಳಿಂದ ನಡೆದೇ ಬಂದು ಇಲ್ಲಿ ಸೇರುತ್ತಾರೆ. ಬೆಂಕಿಗೆ ಭೋಗ್ ಬೀಳುತ್ತದೆ, ಅರದಾಸ್ ಎಂಬ ಪ್ರಾರ್ಥನೆ ನಡೆಯುತ್ತದೆ. ಸೇವಾಲಾಲರ ಜೊತೆಗೆ ದೇವಿ ಮರಿಯಮ್ಮನಿಗೂ ಇಲ್ಲಿ ಗುಡಿಯಿದೆ. ಮಕ್ಕಳಾಗದ ಗಂಡಹೆಂಡಿರು ಹರಕೆ ಹೊತ್ತು ಬರಲು ಈ ಕ್ಷೇತ್ರಕ್ಕಿಂತ ತಕ್ಕ ಜಾಗ ಇನ್ನೊಂದಿಲ್ಲ. ಯಾಕೆಂದರೆ ಇಲ್ಲಿಯ ಕಥೆ ಶುರುವಾಗುವುದೇ ಮಕ್ಕಳಿಲ್ಲದ ಒಂದು ಮನೆಯಿಂದ.

ತಾಂಡಾದ ಹಿರಿಯರು ಹೇಳುವಂತೆ, ದನಕರುಗಳ ದೊಡ್ಡ ಹಿಂಡಿನ ಒಡೆಯ ಭೀಮಾನಾಯಕನಿಗೂ ಧರ್ಮಿಣಿಗೂ ಬಹುಕಾಲ ಮಕ್ಕಳಾಗಲಿಲ್ಲ. ದೇವಿಗೆ ಮೊರೆಯಿಟ್ಟರು. ಮಗ ಹುಟ್ಟುತ್ತಾನೆ, ಆದರೆ ಅವನು ನನ್ನ ಸೇವೆಗೆ ಬರಬೇಕು ಎಂದಳಂತೆ ತಾಯಿ. 1739ರ ಫೆಬ್ರುವರಿ 15ರಂದು ಸೇವಾಲಾಲರು ಹುಟ್ಟಿದರೆಂಬುದು ಸಮುದಾಯದ ಎಣಿಕೆ. ಹುಡುಗ ಬೆಳೆದ ಮೇಲೆ ದೇವಿ ಕೇಳಲು ಬಂದಳು. ಕೊಡುವುದಕ್ಕೆ ಮನೆಯವರಿಗೆ ಮನಸ್ಸಿಲ್ಲ, ಹೋಗುವುದಕ್ಕೆ ಹುಡುಗನಿಗೂ ಮನಸ್ಸಿಲ್ಲ. ಜಗಳ, ಕಷ್ಟಕೋಟಲೆ ಎಲ್ಲ ಆಗಿ ಕೊನೆಗೆ ರಾಜಿಯಾಯಿತು. ಲಂಬಾಣಿಗಳ ಮಾತಾದ ಗೋರ್‌ಬೋಲಿಯಲ್ಲಿ ತಾಯಿಗೆ ಯಾಡಿ ಎನ್ನುತ್ತಾರೆ. ಧರ್ಮಿಣಿಯೂ ಯಾಡಿ, ಮರಿಯಮ್ಮನೂ ಯಾಡಿ. ಒಬ್ಬ ಮಗನಿಗೆ ಇಬ್ಬರು ತಾಯಂದಿರು, ಕರೆಯುವ ಮಾತು ಒಂದೇ.

ಇಬ್ಬರು ತಾಯಂದಿರ ಈ ಕಥೆ ಇಂದಿನ ದತ್ತುವಿಗೂ ಸಲ್ಲುತ್ತದೆ. ಮಕ್ಕಳಾಗದ ಒಂದು ಜೋಡಿಯನ್ನು ಊಹಿಸಿಕೊಳ್ಳಿ. ಗಂಡ ಹೊನ್ನಾಳಿ ಕಡೆಯವನು, ಹೆಂಡತಿ ಚನ್ನಗಿರಿಯವಳು, ಇಬ್ಬರೂ ಅಮೆರಿಕದ ಪೌರತ್ವ ಪಡೆದು ಡಲ್ಲಾಸ್‌ನಲ್ಲಿ ನೌಕರಿಯಲ್ಲಿದ್ದಾರೆ. ಆಸ್ಪತ್ರೆಗೆ ಅಲೆದು ಸಾಕಾಗಿದೆ. ಊರಿನಿಂದ ಫೋನ್ ಮಾಡಿದ ಅತ್ತೆ, ‘ನಿಮ್ಮ ಭಾವನಿಗೆ ಮೂರನೇದು ಹುಟ್ಟೈತಲ್ಲವಾ, ಅದನ್ನ ಮಡಿಲಿಗೆ ಹಾಕ್ಕೊಂಡು ಹೋಗಿ’ ಎನ್ನುತ್ತಾಳೆ. ನಮ್ಮಲ್ಲಿ ಇದು ಹೊಸತಲ್ಲ. ಕೂಸನ್ನು ಎತ್ತಿ ಕೊಟ್ಟು ಎತ್ತಿಕೊಂಡರೆ ದತ್ತು ಆದಂತೆ ಎಂದು 1956ರ ಹಿಂದೂ ದತ್ತು ಮತ್ತು ಪಾಲನಾ ಕಾಯ್ದೆಯೂ ಒಪ್ಪುತ್ತದೆ. ಹೋಮ ಮಾಡಲೇಬೇಕೆಂದೂ ಇಲ್ಲ. ಆದರೆ ಸಬ್‌ರಿಜಿಸ್ಟ್ರಾರ್ ಕಚೇರಿಯ ದತ್ತುಪತ್ರವೊಂದನ್ನೇ ಹಿಡಿದು ಹೋದರೆ ಡಲ್ಲಾಸ್‌ನ ವಿಮಾನ ಹತ್ತಲು ಆ ಕೂಸಿಗೆ ವೀಸಾ ಸಿಗದು. ಅಂತರದೇಶೀಯ ದತ್ತುವಿನ ಹೇಗ್ ಒಪ್ಪಂದವನ್ನು ಭಾರತ 2003ರಲ್ಲಿ ಅನುಮೋದಿಸಿತು, ಅಮೆರಿಕವೂ ಅದರಲ್ಲಿದೆ. ಹಾಗಾಗಿ ಅಣ್ಣನ ಮಗುವಾದರೂ ಎರಡೂ ಸರ್ಕಾರಗಳ ಬಾಗಿಲು ದಾಟಲೇಬೇಕು. ದೆಹಲಿಯಲ್ಲಿರುವ ಕೇಂದ್ರ ದತ್ತು ಪ್ರಾಧಿಕಾರ ‘ಕಾರಾ’ದಿಂದ ನಿರಾಕ್ಷೇಪಣಾ ಪತ್ರ ಬರಬೇಕು. ಅದಕ್ಕೂ ಮೊದಲು ಐ-800ಎ ಎಂಬ ಅರ್ಜಿ ಹಾಕಿ, ತಾವು ತಂದೆತಾಯಿ ಆಗಲು ತಕ್ಕವರೆಂದು ಅಮೆರಿಕ ಸರ್ಕಾರದಿಂದ ಹೇಳಿಸಿಕೊಳ್ಳಬೇಕು. ಅವಸರದಲ್ಲಿ ಊರಲ್ಲಿ ದತ್ತು ಮುಗಿಸಿ ಆಮೇಲೆ ಅರ್ಜಿ ಹಾಕುತ್ತೇವೆಂದವರು ಸಿಕ್ಕಿಬೀಳುವುದು ಇಲ್ಲೇ.

ಹತ್ತಿರದ ಸಂಬಂಧದ ಮಗು ಇಲ್ಲದವರು ಕಾರಾದ ಸಾಲಿನಲ್ಲಿ ನಿಲ್ಲುತ್ತಾರೆ. ಸಾಲಿಗೂ ಒಂದು ವಿಚಿತ್ರವಿದೆ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡ ಅನಿವಾಸಿಗೆ ದಾವಣಗೆರೆಯಲ್ಲೇ ಇರುವವರಷ್ಟೇ ಆದ್ಯತೆ. ಅಮೆರಿಕದ ಪೌರತ್ವ ತೆಗೆದುಕೊಂಡ ದಿನವೇ ಅವರು ಇನ್ನೊಂದು ಸಾಲಿಗೆ ಹೋಗುತ್ತಾರೆ. ದೇಶದೊಳಗೆ ಮನೆ ಸಿಗದ ಮಕ್ಕಳಷ್ಟೇ ಆ ಸಾಲಿಗೆ ಬರುವುದು. ಅಂಥವರಲ್ಲಿ ತುಸು ದೊಡ್ಡವರಾದವರು, ಅಣ್ಣತಂಗಿಯರಾಗಿ ಜೊತೆಗಿರುವವರು, ಹೃದಯದ ತೊಂದರೆ, ಸೀಳುತುಟಿ, ಕಿವುಡಿನಂಥ ವಿಶೇಷ ಅಗತ್ಯವುಳ್ಳವರು ಹೆಚ್ಚು. ನಮ್ಮವರು ‘ಆರೋಗ್ಯವಂತ, ಪುಟ್ಟ ಕೂಸು’ ಬೇಕೆಂದು ಮೂರು ವರ್ಷಕ್ಕೂ ಹೆಚ್ಚು ಕಾಯುತ್ತಿರುವಾಗ, ಇಂಥ ಎಷ್ಟೋ ಮಕ್ಕಳು ಹೊರದೇಶಕ್ಕೆ ಹೋಗುತ್ತಾರೆ. 2023-24ರಲ್ಲಿ ದೇಶದಲ್ಲಿ ನಡೆದ 4009 ದತ್ತುಗಳಲ್ಲಿ 449 ಹೊರದೇಶಕ್ಕೆ. ನಮ್ಮ ನೆಂಟರಿಷ್ಟರ ನಡುವೆ ಕುಳಿತು ಈ ಮಾತು ಎತ್ತಿದರೆ ಎಲ್ಲರೂ ಕಾಫಿ ಲೋಟ ನೋಡತೊಡಗುತ್ತಾರೆ.

ಇನ್ನು ತಯಾರಿ. ಮನೆಗೆ ಸಮಾಜ ಕಾರ್ಯಕರ್ತೆ ಬರುತ್ತಾಳೆ. ಸಂಬಳದ ಚೀಟಿ, ಆರೋಗ್ಯ ತಪಾಸಣೆ, ಪೊಲೀಸ್ ದಾಖಲೆ ಎಲ್ಲ ಕಾಗದದಲ್ಲಿ ಮುಗಿಯುವ ಕೆಲಸ. ಅವಳ ಉಳಿದ ಪ್ರಶ್ನೆಗಳು ಹಾಗಲ್ಲ. ಚಿಕ್ಕಂದಿನಲ್ಲಿ ನಿಮ್ಮಪ್ಪ ನಿಮ್ಮನ್ನು ಹೊಡೆಯುತ್ತಿದ್ದರೇ? ಜಗಳವಾದರೆ ಮೊದಲು ಮಾತಾಡಿಸುವವರು ಯಾರು? ಮಗುವಿನ ಬಣ್ಣ ನಿಮ್ಮಂತಿಲ್ಲದಿದ್ದರೆ ಊರಿನಲ್ಲಿ ಏನನ್ನಬಹುದು? ಹೆರಿಗೆಯಾದವರನ್ನು ಯಾರೂ ಇದನ್ನೆಲ್ಲ ಕೇಳುವುದಿಲ್ಲವಲ್ಲ ಎಂದು ಸಿಟ್ಟು ಬರುವುದು ಸಹಜ. ಒಂಬತ್ತು ತಿಂಗಳ ಲೆಕ್ಕವೂ ಇಲ್ಲಿಲ್ಲ. ಸೀಮಂತವಿಲ್ಲ, ಬಯಕೆಯಿಲ್ಲ. ತೊಟ್ಟಿಲು ತಂದಿಟ್ಟರೆ ದೃಷ್ಟಿಯಾದೀತೆಂದು ತರದೆ ಇರುವವರೂ ಉಂಟು. ಒಂದು ದಿನ ಕಂಪ್ಯೂಟರ್ ಪರದೆಯ ಮೇಲೆ ಫೋಟೊ, ಆರೋಗ್ಯದ ವರದಿ, ಹಿನ್ನೆಲೆಯ ನಾಲ್ಕು ಸಾಲು ಬರುತ್ತವೆ. ಆ ನಾಲ್ಕು ಸಾಲಿನ ಬಗ್ಗೆಯೇ ನನಗೆ ಹೇಳಬೇಕಾದ್ದಿರುವುದು.

ಆ ಸಾಲುಗಳು ಸುಳ್ಳಾಗಿದ್ದ ಕಾಲವೊಂದಿತ್ತು. ಸೂರಗೊಂಡನಕೊಪ್ಪಕ್ಕೆ ಬರುವ ಜನರ ಬಂಧುಬಳಗವೇ ಆದ ತೆಲಂಗಾಣದ ಲಂಬಾಡ ತಾಂಡಾಗಳಲ್ಲಿ, ದೇವರಕೊಂಡ ಸುತ್ತಮುತ್ತ, 1990ರ ದಶಕದ ಕೊನೆಯಲ್ಲಿ ಹೆಣ್ಣು ಕೂಸುಗಳನ್ನು ಕೊಂಡು ಹೈದರಾಬಾದಿನ ಅನಾಥಾಲಯಗಳಿಗೆ ಸಾಗಿಸುವ ಜಾಲ ಬಯಲಾಯಿತು. ಅಲ್ಲಿಂದ ಮುಂದೆ ಹೊರದೇಶ. ಗೀತಾ ರಾಮಸ್ವಾಮಿ ಮತ್ತು ಭಾಂಗ್ಯಾ ಭೂಕ್ಯಾ ಇದರ ಬಗ್ಗೆ ಅಧ್ಯಯನ ಮಾಡಿ ಬರೆದರು. ಒಂದು ಕಾಲಕ್ಕೆ ಲಂಬಾಣಿಗಳಲ್ಲಿ ಗಂಡಿನ ಕಡೆಯವರೇ ತೆರ ಕೊಟ್ಟು ಹೆಣ್ಣು ತರುತ್ತಿದ್ದರು. ಎತ್ತಿನ ಮೇಲೆ ಉಪ್ಪು, ಧಾನ್ಯ ಹೇರಿ ದೇಶ ಸುತ್ತುತ್ತಿದ್ದವರು ಒಣಭೂಮಿಯಲ್ಲಿ ನೆಲೆಯೂರಿದ ಮೇಲೆ ವರದಕ್ಷಿಣೆ ಬಂತು, ಮೂರನೆಯ ಹೆಣ್ಣು ಕೂಸು ಹೊರೆಯಾಯಿತು. ದಲ್ಲಾಳಿಗೆ ಅಷ್ಟು ಸಾಕಿತ್ತು. ತಾಯಿಯ ಹೆಬ್ಬೆಟ್ಟು ಒತ್ತಿಸಿಕೊಂಡ ಕಾಗದದಲ್ಲಿ ಏನು ಬರೆದಿತ್ತೆಂದು ಅವಳಿಗೆ ಓದಿ ಹೇಳುವವರು ಯಾರು? 2001ರಲ್ಲಿ ಆಗಿನ ಆಂಧ್ರ ಸರ್ಕಾರ, ಬಡತನ ಅಥವಾ ಹೆಣ್ಣೆಂಬ ಕಾರಣಕ್ಕೆ ಮಕ್ಕಳನ್ನು ಬಿಟ್ಟುಕೊಡುವುದನ್ನೇ ನಿಷೇಧಿಸಿತು.

ದತ್ತು ಪಡೆದವರೆಲ್ಲ ಕೆಟ್ಟವರಾಗಿರಲಿಲ್ಲ. ಅಮೆರಿಕದ ಅಲಬಾಮಾದಲ್ಲಿ ಕಾನೂನು ಕಲಿಸುವ ಡೇವಿಡ್ ಸ್ಮೋಲಿನ್ ಮತ್ತು ಅವರ ಪತ್ನಿ 1998ರಲ್ಲಿ ಆಂಧ್ರದಿಂದ ಇಬ್ಬರು ಅಕ್ಕತಂಗಿಯರನ್ನು ದತ್ತು ಪಡೆದರು. ಮನೆಗೆ ಬಂದ ಮೇಲೆ ಹುಡುಗಿಯರು, ನಮ್ಮ ಅಮ್ಮ ಬದುಕಿದ್ದಾಳೆ, ನಮ್ಮನ್ನು ಅವಳಿಂದ ಕಿತ್ತುಕೊಂಡು ಬಂದರು ಎಂದರು. ತಾಯಿಯನ್ನು ಹುಡುಕಲು ವರ್ಷಗಳೇ ಹಿಡಿದವು. ಕಪ್ಪು ಹಣವನ್ನು ಬಿಳಿ ಮಾಡುವಂತೆ ಕದ್ದ ಮಗುವನ್ನು ಕಾಗದಪತ್ರದ ಮೂಲಕ ಅನಾಥವಾಗಿಸುವ ಬಗೆಯನ್ನು ಅವರು ಆಮೇಲೆ ವಿದ್ವತ್ ಲೇಖನಗಳಲ್ಲಿ ಬಿಡಿಸಿಟ್ಟರು. ಇದಕ್ಕೂ ಬಹಳ ಹಿಂದೆ ನಮ್ಮ ಸುಪ್ರೀಂ ಕೋರ್ಟು ಎಚ್ಚರಿಸಿತ್ತು. ಲಕ್ಷ್ಮೀಕಾಂತ ಪಾಂಡೆ ಎಂಬ ವಕೀಲರು ಬರೆದ ಒಂದು ಕಾಗದವನ್ನೇ ಅರ್ಜಿಯೆಂದು ಎತ್ತಿಕೊಂಡು 1984ರಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರು ಹೊರದೇಶದ ದತ್ತುವಿಗೆ ಕಟ್ಟುಪಾಡು ಹಾಕಿದ್ದರು. ಕಟ್ಟುಪಾಡಿದ್ದೂ ತಾಂಡಾದ ಕೂಸುಗಳು ಹೋದವು.

ಈಗಿನ ಕಾನೂನು ಬಿಗಿಯಾಗಿದೆ. ತಾಯಿ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಮಗುವನ್ನು ಒಪ್ಪಿಸಿದರೂ ಮನಸ್ಸು ಬದಲಿಸಲು ಅವಳಿಗೆ ಅರವತ್ತು ದಿನಗಳಿವೆ. 2022ರ ಸೆಪ್ಟೆಂಬರಿನಿಂದ ದತ್ತು ಆದೇಶ ಕೊಡುವವರು ಜಿಲ್ಲಾಧಿಕಾರಿ. ಮಗು ಹೊರದೇಶ ಸೇರಿದ ಮೇಲೂ ಎರಡು ವರ್ಷ ವರದಿ ಬರುತ್ತಿರಬೇಕು. ಹದಿನೆಂಟು ತುಂಬಿದ ಮೇಲೆ ಮಗು ತನ್ನ ಬೇರನ್ನು ತಾನೇ ಹುಡುಕಬಹುದು. ಹೆತ್ತವಳು ತನ್ನ ಗುರುತು ಹೇಳಬೇಡಿ ಎಂದರೆ ಆ ಮಾತಿಗೂ ಬೆಲೆಯಿದೆ.

ಡಲ್ಲಾಸ್‌ನ ನಮ್ಮ ಜೋಡಿ ಕೋಣೆಗೆ ಬಣ್ಣ ಹೊಡೆಸಿದೆ ಎಂದಿಟ್ಟುಕೊಳ್ಳಿ. ಗೋಡೆಗೆ ಜಿರಾಫೆ, ಕಿಟಕಿಗೆ ಹೊಸ ಪರದೆ. ಇವುಗಳ ಜೊತೆಗೆ ಒಂದು ದಪ್ಪ ನೋಟುಪುಸ್ತಕ ಕೊಂಡಿಟ್ಟುಕೊಳ್ಳಿ ಎಂದು ಅವರಿಗೆ ಹೇಳುವ ಆಸೆ ನನಗೆ. ಮಗು ಸಿಕ್ಕ ಊರು, ಅಲ್ಲಿ ಅದನ್ನು ನೋಡಿಕೊಂಡ ಆಯಾ ಕೂಗುತ್ತಿದ್ದ ಮುದ್ದು ಹೆಸರು, ಮಲಗಿಸುವಾಗ ಅವಳು ಆಡುತ್ತಿದ್ದ ಭಾಷೆ, ಮೈಮೇಲಿದ್ದ ಬಟ್ಟೆಯ ಬಣ್ಣ, ಎಲ್ಲವನ್ನೂ ಕರೆತರಲು ಹೋದ ದಿನವೇ ಕೇಳಿ ಬರೆದುಕೊಳ್ಳಲಿ. ಫೈಲಿನಲ್ಲಿ ಇವು ಇರುವುದಿಲ್ಲ. ಆಯಾ ಮುಂದಿನ ವರ್ಷ ಆ ಕೆಲಸದಲ್ಲಿ ಇರುತ್ತಾಳೆಂಬ ಭರವಸೆಯೂ ಇಲ್ಲ. ಮಗು ನಾಲ್ಕೈದು ವರ್ಷದ್ದಾಗಿದ್ದರೆ ಅದನ್ನೇ ಕೇಳಿ, ಅದು ಹೇಳಿದ್ದನ್ನು ತಿದ್ದದೆ ಬರೆಯಲಿ. ಸ್ಮೋಲಿನ್ ಮನೆಯ ಆ ಅಕ್ಕತಂಗಿಯರ ವಿಷಯದಲ್ಲಿ ನಿಜ ಹೇಳಿದ್ದು ಮಕ್ಕಳೇ.

ಆ ಮಗು ಮೊದಲ ರಾತ್ರಿ ಹೊಸ ಮನೆಯ ಕತ್ತಲಲ್ಲಿ ಎದ್ದು ‘ಯಾಡಿ’ ಎಂದೇ ಅಳಬಹುದು. ಪಕ್ಕದ ಕೋಣೆಯಿಂದ ಓಡಿಬಂದವಳು ಅದು ತನ್ನನ್ನು ಕರೆದದ್ದಲ್ಲ ಎಂದು ಗೊತ್ತಿದ್ದೂ ಎತ್ತಿಕೊಳ್ಳಬೇಕು. ಬೆಳಗ್ಗೆ ಎದ್ದು ಆ ಮಾತನ್ನೂ ಪುಸ್ತಕದಲ್ಲಿ ಬರೆದಿಡಬೇಕು.