ಭಾಷೆ, ಸಂವಹನ ಮತ್ತು ಜಾನಪದ: ಕಾಲೇಜು ಅಧ್ಯಯನದ ಸ್ವರೂಪ ಹಾಗೂ ವೃತ್ತಿಯ ಹಾದಿಗಳು

ಭಾಷೆಯನ್ನು ಕಾಲೇಜಿನಲ್ಲಿ ಓದುವುದರಿಂದ ಏನು ಪ್ರಯೋಜನ ಎಂಬ ಪ್ರಶ್ನೆ ಕರ್ನಾಟಕದಲ್ಲಿ ಹೊಸದಲ್ಲ. ಪ್ರತಿ ವರ್ಷದ ಪ್ರವೇಶದ ಕಾಲದಲ್ಲಿ ವಿದ್ಯಾರ್ಥಿಗಳೂ ಅವರ ತಂದೆ ತಾಯಿಯರೂ ಈ ಪ್ರಶ್ನೆಯನ್ನು ಅಧ್ಯಾಪಕರ ಮುಂದಿಡುತ್ತಾರೆ. ಇದಕ್ಕೆ ದೊರೆಯುವ ಉತ್ತರ ಬಹುಮಟ್ಟಿಗೆ ಒಂದೇ: ಮೇಷ್ಟ್ರಾಗಬಹುದು, ಇಲ್ಲವೇ ಪತ್ರಿಕೆಗೆ ಸೇರಬಹುದು. ಈ ಉತ್ತರ ಸುಳ್ಳಲ್ಲ, ಆದರೆ ಅಪೂರ್ಣವಾದುದು. ಮಾತನಾಡುವ ಮನುಷ್ಯನೆಂಬ ಒಂದೇ ವಸ್ತುವನ್ನು ವಿಶ್ವವಿದ್ಯಾಲಯಗಳು ಕನ್ನಡ, ಭಾಷಾವಿಜ್ಞಾನ, ಪತ್ರಿಕೋದ್ಯಮ, ಜಾನಪದ ಎಂದು ನಾಲ್ಕು ಕೋಣೆಗಳಲ್ಲಿ ಹಂಚಿಟ್ಟಿರುವುದರಿಂದ, ಒಂದು ಕೋಣೆಯಲ್ಲಿರುವವನಿಗೆ ಮತ್ತೊಂದರ ಬಾಗಿಲು ಎಲ್ಲಿದೆಯೆಂಬುದು ತಿಳಿಯದೆ ಹೋಗಿರುವುದೇ ಈ ಅಪೂರ್ಣತೆಗೆ ಕಾರಣವೆನ್ನಬಹುದು.

ಈ ಹಂಚಿಕೆ ಮೊದಲಿನಿಂದ ಇದ್ದುದಲ್ಲ. 1843ರಲ್ಲಿ ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗ್ ಆರಂಭಿಸಿದ ‘ಮಂಗಳೂರು ಸಮಾಚಾರ’ ಕನ್ನಡದ ಮೊದಲ ಪತ್ರಿಕೆ. ಅದೇ ಬಾಸೆಲ್ ಮಿಶನ್ನಿನ ಬಳಗಕ್ಕೆ ಸೇರಿದ ಫರ್ಡಿನೆಂಡ್ ಕಿಟೆಲ್ಲರ ನಿಘಂಟು ಹೊರಬಂದದ್ದು 1894ರಲ್ಲಿ. ಪತ್ರಿಕೆ, ನಿಘಂಟು, ಗಾದೆಗಳ ಸಂಗ್ರಹ, ಪಠ್ಯಪುಸ್ತಕಗಳ ಮುದ್ರಣ, ಇವೆಲ್ಲ ಅಂದು ಒಂದೇ ಕೆಲಸದ ಬೇರೆ ಬೇರೆ ಮುಖಗಳಾಗಿದ್ದವು. ಮತಪ್ರಚಾರದ ಉದ್ದೇಶ ಅವುಗಳ ಹಿಂದೆ ಇದ್ದುದು ನಿಜ. ಆದರೂ ಜನರ ಮಾತನ್ನು ಕಿವಿಗೊಟ್ಟು ಕೇಳದೆ ಜನರಿಗೆ ಏನನ್ನೂ ಹೇಳಲಾಗದೆಂಬ ವ್ಯಾವಹಾರಿಕ ಅರಿವು ಆ ಬಳಗಕ್ಕಿತ್ತು.

ಇಪ್ಪತ್ತನೆಯ ಶತಮಾನದಲ್ಲಿ ಈ ಕೆಲಸಗಳು ಒಂದೊಂದಾಗಿ ಕಾಲೇಜಿನ ಆವರಣವನ್ನು ಪ್ರವೇಶಿಸಿದವು. 1916ರಲ್ಲಿ ಸ್ಥಾಪನೆಗೊಂಡ ಮೈಸೂರು ವಿಶ್ವವಿದ್ಯಾಲಯದಲ್ಲಿ ಕನ್ನಡ ಎಂ.ಎ. ತರಗತಿ ಆರಂಭವಾದದ್ದು 1927ರಲ್ಲಿ. 1935ರಲ್ಲಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಒಂದು ಪುಟ್ಟ ಬಾನುಲಿ ಕೇಂದ್ರವನ್ನು ಆರಂಭಿಸಿದರು. ಅದಕ್ಕಿಟ್ಟ ‘ಆಕಾಶವಾಣಿ’ ಎಂಬ ಹೆಸರನ್ನು ಮುಂದೆ ಇಡೀ ದೇಶದ ಬಾನುಲಿ ತನ್ನದಾಗಿಸಿಕೊಂಡಿತು. ಕಾಲೇಜಿನ ಅಧ್ಯಾಪಕನೊಬ್ಬನ ಕುತೂಹಲದಿಂದ ಹುಟ್ಟಿದ ಸಂಸ್ಥೆಯೊಂದು ಮುಂದಿನ ತಲೆಮಾರುಗಳ ಭಾಷಾ ಪದವೀಧರರಿಗೆ ಅನ್ನ ನೀಡಿದ ಈ ಸಂಗತಿ, ಓದು ಮತ್ತು ವೃತ್ತಿಯ ಸಂಬಂಧವನ್ನು ಕುರಿತು ಯೋಚಿಸುವವರಿಗೆ ಗಮನಾರ್ಹವಾದುದು.

ಸ್ವಾತಂತ್ರ್ಯಾನಂತರ ಭಾಷಾವಿಜ್ಞಾನವು ಪುಣೆಯ ಡೆಕ್ಕನ್ ಕಾಲೇಜಿನ ಮೂಲಕ ಕನ್ನಡಕ್ಕೆ ಬಂದಿತು. ಅಲ್ಲಿ ತರಬೇತಿ ಪಡೆದ ವಿದ್ವಾಂಸರು ಕನ್ನಡದ ಪ್ರಾದೇಶಿಕ ರೂಪಗಳನ್ನು ಒಂದೊಂದಾಗಿ ವರ್ಣಿಸಿದರು. ಯು.ಪಿ. ಉಪಾಧ್ಯಾಯರ ನಂಜನಗೂಡು ಕನ್ನಡದ ಅಧ್ಯಯನ, ಆರ್. ಮಹಾದೇವನ್ ಅವರ ಗುಲ್ಬರ್ಗಾ ಕನ್ನಡದ ಅಧ್ಯಯನ 1960ರ ದಶಕದ ಈ ಕೃಷಿಯ ಫಲಗಳು. 1969ರಲ್ಲಿ ಮೈಸೂರಿನಲ್ಲಿ ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥಾನ ಸ್ಥಾಪನೆಯಾದ ಮೇಲೆ ಭಾಷಾವಿಜ್ಞಾನದಲ್ಲಿ ಪದವಿ ಪಡೆದವರಿಗೆ ಊರಿನ ಹತ್ತಿರವೇ ಒಂದು ನೆಲೆ ದೊರೆಯಿತು.

ಜಾನಪದದ ದಾರಿ ಸ್ವಲ್ಪ ಭಿನ್ನವಾದುದು. ಅದು ಮೊದಲು ಕನ್ನಡ ಎಂ.ಎ. ತರಗತಿಯ ಒಂದು ಪತ್ರಿಕೆಯಾಗಿದ್ದು, ಅನಂತರ ಪ್ರತ್ಯೇಕ ಸ್ನಾತಕೋತ್ತರ ವಿಷಯವಾಯಿತು. ಮೈಸೂರಿನಲ್ಲಿ ಜೀ.ಶಂ. ಪರಮಶಿವಯ್ಯನವರು ಹಳೆಯ ಮೈಸೂರು ಸೀಮೆಯ ಹಾಡುಗಾರರನ್ನು ಹುಡುಕಿಕೊಂಡು ಹೋಗಿ ಧ್ವನಿಮುದ್ರಿಸಿಕೊಂಡು ಬಂದ ಕಾವ್ಯಗಳು, ಪಿ.ಆರ್. ತಿಪ್ಪೇಸ್ವಾಮಿಯವರಂಥವರ ಶ್ರಮದಿಂದ ರೂಪುಗೊಂಡ ಜಾನಪದ ವಸ್ತುಸಂಗ್ರಹಾಲಯ, ಇವು ಆ ವಿಷಯಕ್ಕೆ ನೆಲೆಗಟ್ಟಾದವು. 1991ರಲ್ಲಿ ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯ, 2011ರಲ್ಲಿ ಹಾವೇರಿ ಜಿಲ್ಲೆ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ತಲೆಯೆತ್ತಿದವು. ಸಂಸ್ಥೆಗಳ ಸಂಖ್ಯೆಯನ್ನು ನೋಡಿದರೆ ಕೊರತೆಯೇನೂ ಕಾಣುವುದಿಲ್ಲ. ಕೊರತೆ ಇರುವುದು ಬೇರೆ ಕಡೆ.

ಭಾಷೆ ಮತ್ತು ಸಂವಹನದ ಅಧ್ಯಯನ ಯಾವ ಬಗೆಯ ಕೌಶಲವನ್ನು ಬೇಡುತ್ತದೆ ಎಂಬುದಕ್ಕೆ ತುಳುನಾಡಿನ ಸಿರಿ ಮಹಾಕಾವ್ಯದ ದಾಖಲೀಕರಣಕ್ಕಿಂತ ಉತ್ತಮವಾದ ಉದಾಹರಣೆ ದೊರೆಯಲಾರದು. ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ ಹಾಗೂ ಆ್ಯನೆಲಿ ಹೊಂಕೊ ಅವರೊಂದಿಗೆ ಕೆ. ಚಿನ್ನಪ್ಪ ಗೌಡ ಮತ್ತು ಬಿ.ಎ. ವಿವೇಕ ರೈ ಅವರು ಕೂಡಿ, 1990ರ ಡಿಸೆಂಬರಿನಲ್ಲಿ ಮಾಚಾರು ಗೋಪಾಲ ನಾಯ್ಕರಿಂದ ಈ ಕಾವ್ಯವನ್ನು ಹಲವು ದಿನಗಳ ಕಾಲ ಹಾಡಿಸಿ ಮುದ್ರಿಸಿಕೊಂಡರು. ಅದು ಗ್ರಂಥರೂಪದಲ್ಲಿ ಹೆಲ್ಸಿಂಕಿಯಿಂದ ಪ್ರಕಟವಾದದ್ದು 1998ರಲ್ಲಿ. ಕಾವ್ಯದ ಸಾಲುಗಳು 15,683. ಹಾಡಿದ್ದು ದಿನಗಳಲ್ಲಿ, ಬರಹಕ್ಕಿಳಿದದ್ದು ವರ್ಷಗಳಲ್ಲಿ. ಈ ನಡುವಿನ ಅವಧಿಯಲ್ಲಿ ನಡೆದ ಕೆಲಸವೇ ಭಾಷಾಧ್ಯಯನದ ನಿಜವಾದ ಪಾಠಪಟ್ಟಿ ಎಂದರೆ ತಪ್ಪಾಗದು. ಉಸಿರು ನಿಲ್ಲುವಲ್ಲಿ ಸಾಲನ್ನು ಮುರಿಯಬೇಕೆ, ಅರ್ಥ ಮುಗಿಯುವಲ್ಲಿ ಮುರಿಯಬೇಕೆ? ಮರುಕಳಿಸುವ ನುಡಿಗಟ್ಟನ್ನು ಪ್ರತಿ ಸಾರಿಯೂ ಪೂರ್ಣವಾಗಿ ಬರೆಯಬೇಕೆ? ತುಳುವಿನ ಸ್ವರಭೇದಗಳನ್ನು ಯಾವ ಲಿಪಿಚಿಹ್ನೆಯಿಂದ ಸೂಚಿಸಬೇಕು? ಹಾಡುಗಾರ ಹಾಡುವಾಗ ಒಂದು ವಿಧವಾಗಿಯೂ, ಬರೆದುಕೊಳ್ಳುವವರಿಗಾಗಿ ನಿಧಾನವಾಗಿ ಹೇಳುವಾಗ ಮತ್ತೊಂದು ವಿಧವಾಗಿಯೂ ಕಾವ್ಯವನ್ನು ಕಟ್ಟುತ್ತಾನೆ. ಇವೆರಡರಲ್ಲಿ ‘ಪಠ್ಯ’ ಯಾವುದು? ಹೊಂಕೊ ಅವರು ಹಾಡುಗಾರನ ಮನಸ್ಸಿನಲ್ಲಿರುವ ಪಠ್ಯವೆಂಬ ಪರಿಕಲ್ಪನೆಯನ್ನು ಬೆಳೆಸಿದ್ದು ಇಂಥ ಪ್ರಶ್ನೆಗಳ ಒತ್ತಡದಲ್ಲಿಯೇ.

ಇಂಥ ಪ್ರಶ್ನೆಗಳು ಮಹಾಕಾವ್ಯಗಳಿಗೆ ಮಾತ್ರ ಸೀಮಿತವಲ್ಲ. ದಕ್ಷಿಣ ಕರ್ನಾಟಕದ ಹಲವು ಹಳ್ಳಿಗಳ ಮಾತಿನಲ್ಲಿ ಪದದ ಮೊದಲಿನ ಹಕಾರ ಉಳಿಯುವುದಿಲ್ಲ. ಹಾಲು ‘ಆಲು’ ಆಗುತ್ತದೆ, ಹಡೆದವ್ವ ‘ಅಡೆದವ್ವ’ ಆಗುತ್ತಾಳೆ. ಹಾಡುಗಾರ ‘ಅಡವಿ’ ಎಂಬ ಮಾತಿನ ಬೆನ್ನಿಗೆ ‘ಅಡೆದವ್ವ’ ಎಂದಾಗ ಅಲ್ಲಿ ಒಂದು ಸ್ವರಮೈತ್ರಿ ಕಿವಿಗೆ ಬೀಳುತ್ತದೆ. ಲಿಪಿಕಾರ ಅದನ್ನು ‘ಶುದ್ಧ’ಗೊಳಿಸಿ ಹಕಾರ ಸೇರಿಸಿದೊಡನೆ ಆ ಮೈತ್ರಿ ಮುರಿದು ಬೀಳುತ್ತದೆ. ಹಿಂದಿನ ಎಷ್ಟೋ ಸಂಕಲನಗಳಲ್ಲಿ ಇಂಥ ತಿದ್ದುಪಡಿಗಳು ನಡೆದಿವೆ. ಸಂಪಾದಕರ ಉದ್ದೇಶ ಒಳ್ಳೆಯದೇ ಆಗಿತ್ತೆನ್ನಿ. ಆದರೆ ಮೂಲ ಧ್ವನಿಮುದ್ರಿಕೆ ಇಲ್ಲದಿರುವೆಡೆ ಆ ನಷ್ಟವನ್ನು ಈಗ ತುಂಬಿಕೊಡಲಾಗದು.

ಇಲ್ಲಿಯೇ ಕಾಲೇಜು ಶಿಕ್ಷಣದ ಒಂದು ವೈರುಧ್ಯ ಎದ್ದು ಕಾಣುತ್ತದೆ. ಹಳ್ಳಿಯಿಂದ ಬಂದ ವಿದ್ಯಾರ್ಥಿ ‘ಬತ್ತದೆ’, ‘ಓಯ್ತೀನಿ’ ಎಂದರೆ ತರಗತಿಯಲ್ಲಿ ನಗು ಏಳುತ್ತದೆ, ಕೆಲವೊಮ್ಮೆ ಅಧ್ಯಾಪಕರ ಕಡೆಯಿಂದಲೇ. ಮೂರು ವರ್ಷಗಳಲ್ಲಿ ಅವನು ಆ ಮಾತನ್ನು ಬಿಡಲು ಕಲಿಯುತ್ತಾನೆ. ಅನಂತರ ಸ್ನಾತಕೋತ್ತರ ತರಗತಿಯ ಕ್ಷೇತ್ರಕಾರ್ಯದಲ್ಲಿ, ಬಿಟ್ಟ ಆ ಮಾತನ್ನೇ ಬೇರೊಬ್ಬರ ಬಾಯಿಂದ ಸಂಗ್ರಹಿಸಿಕೊಂಡು ಬರುವಂತೆ ಅವನನ್ನು ಕಳುಹಿಸಲಾಗುತ್ತದೆ. ನೀಲಗಾರರ, ದೇವರಗುಡ್ಡರ, ಕಿನ್ನರಿ ಜೋಗಿಗಳ ಮನೆಗಳಿಂದ ಬಂದ ಮಕ್ಕಳ ವಿಷಯದಲ್ಲಂತೂ ಇದು ಇನ್ನೂ ನೋವಿನ ಸಂಗತಿ. ತಾತನ ತಂಬೂರಿಯ ಮಾತು ಅವರಿಗೆ ಪಠ್ಯಕ್ರಮದಲ್ಲಿ ‘ದತ್ತಾಂಶ’ವಾಗಿ ಮರಳಿ ಬರುತ್ತದೆ. ಶಿಷ್ಟ ಕನ್ನಡವನ್ನು ಕಲಿಸಬಾರದೆಂದು ಇದರ ಅರ್ಥವಲ್ಲ. ಅದಿಲ್ಲದೆ ಅರ್ಜಿ ಬರೆಯಲಾಗದು, ಪ್ರಬಂಧ ಬರೆಯಲಾಗದು. ಆದರೆ ಒಂದನ್ನು ಕಲಿಸಲು ಇನ್ನೊಂದನ್ನು ಮರೆಸಬೇಕಾಗಿಲ್ಲ.

ವೃತ್ತಿಯ ದೃಷ್ಟಿಯಿಂದಲೂ ಈ ಮರೆವು ದುಬಾರಿಯಾದುದು. ಅಧ್ಯಾಪನವು ಇಂದಿಗೂ ಬಹುಪಾಲು ಪದವೀಧರರ ಮೊದಲ ಗುರಿ. ಕನ್ನಡ, ಭಾಷಾವಿಜ್ಞಾನ, ಸಮೂಹ ಸಂವಹನ, ಜಾನಪದ ಸಾಹಿತ್ಯ ಇವೆಲ್ಲಕ್ಕೂ ರಾಷ್ಟ್ರೀಯ ಅರ್ಹತಾ ಪರೀಕ್ಷೆಯಲ್ಲಿ ಪ್ರತ್ಯೇಕ ಸ್ಥಾನವಿದೆ. ಆದರೆ ಪದವಿಪೂರ್ವ ಹಂತದಲ್ಲಿ ಜಾನಪದವು ಸ್ವತಂತ್ರ ವಿಷಯವಾಗಿಲ್ಲದ ಕಾರಣ ಆ ಪದವೀಧರರಿಗೆ ಅಲ್ಲಿ ಹುದ್ದೆಯೇ ಇಲ್ಲ. ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕರಾಗಿ ವರ್ಷದಿಂದ ವರ್ಷಕ್ಕೆ ಕಾಯುವುದು ಅನೇಕರ ಪಾಡು. ಪ್ರವೇಶಕ್ಕೆ ಮುನ್ನವೇ ಈ ಸಂಗತಿಯನ್ನು ವಿದ್ಯಾರ್ಥಿಗೆ ಮರೆಮಾಚದೆ ತಿಳಿಸುವುದು ವಿಭಾಗಗಳ ಹೊಣೆ.

ಅಧ್ಯಾಪನದ ಆಚೆಗೆ ನೋಡಿದರೆ ನಿಘಂಟು ಕಾರ್ಯ ಹಳೆಯ ಹಾದಿ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು, ಉಡುಪಿಯಲ್ಲಿ ಯು.ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ ಸಿದ್ಧವಾದ ಆರು ಸಂಪುಟಗಳ ತುಳು ನಿಘಂಟು, ಇವು ಒಬ್ಬಿಬ್ಬರ ಕೆಲಸವಲ್ಲ. ಚೀಟಿ ಬರೆದು ಜೋಡಿಸಿದ ಕೈಗಳು ಹಲವು. ಅನುವಾದಕ್ಕೆ 2008ರಲ್ಲಿ ಆರಂಭವಾದ ರಾಷ್ಟ್ರೀಯ ಅನುವಾದ ಮಿಷನ್ ಒಂದು ಆಸರೆ. ಕನ್ನಡಕ್ಕೆ ಡಬ್ಬಿಂಗ್ ಬಹುಕಾಲ ಅಘೋಷಿತ ನಿಷೇಧದಲ್ಲಿದ್ದು, 2015ರ ಸ್ಪರ್ಧಾ ಆಯೋಗದ ಆದೇಶದ ಅನಂತರ ಕ್ರಮೇಣ ತೆರೆದುಕೊಂಡಿತು. ಸಂಭಾಷಣೆ ಬರೆಯಬಲ್ಲವರಿಗೆ ಅಲ್ಲಿ ಕೆಲಸವಿದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಲಿಸುವ ವಾಕ್ ಚಿಕಿತ್ಸೆಗೆ ಭಾಷಾವಿಜ್ಞಾನ ಹತ್ತಿರದ ಬಂಧು. ಆದರೆ ಅಲ್ಲಿನ ಪದವಿಗೆ ಸೇರಲು ಪದವಿಪೂರ್ವದಲ್ಲಿ ವಿಜ್ಞಾನ ಓದಿರಬೇಕೆಂಬುದನ್ನು ಕಲಾ ವಿದ್ಯಾರ್ಥಿಗಳು ತಡವಾಗಿ ಅರಿಯುತ್ತಾರೆ.

ಸಮುದಾಯ ಬಾನುಲಿಯ ಸಂಗತಿ ಹೆಚ್ಚು ಆಶಾದಾಯಕವಾದುದು. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ‘ನಮ್ಮ ಧ್ವನಿ’ಯು ಪ್ರಸಾರದ ಪರವಾನಗಿ ದೊರೆಯದ ಕಾಲದಲ್ಲಿ ತಂತಿಯ ಮೂಲಕವೇ ಮನೆಗಳನ್ನು ತಲುಪಿತು. 2006ರ ನೀತಿ ಸ್ವಯಂಸೇವಾ ಸಂಸ್ಥೆಗಳಿಗೂ ಅವಕಾಶ ನೀಡಿತು. ಮಂಗಳೂರಿನ ಸೇಂಟ್ ಅಲೋಶಿಯಸ್ ಕಾಲೇಜಿನ ‘ಸಾರಂಗ್’ ಕೇಂದ್ರದಲ್ಲಿ ಕನ್ನಡದೊಂದಿಗೆ ತುಳು, ಕೊಂಕಣಿ, ಬ್ಯಾರಿ ಮಾತುಗಳೂ ಕೇಳಿಬಂದಿವೆ. ಕೀಟನಾಶಕದ ಅಳತೆಯನ್ನಾಗಲಿ, ಬಾಣಂತಿಯ ಆರೈಕೆಯನ್ನಾಗಲಿ ತಿಳಿಸುವಾಗ ಪುಸ್ತಕದ ಕನ್ನಡ ಸೋಲುವುದನ್ನು ಇಂಥ ಕೇಂದ್ರಗಳಲ್ಲಿ ದುಡಿದವರು ಬಲ್ಲರು. ಒಗಟು, ಗಾದೆ, ಸೋಬಾನೆಯ ಧಾಟಿ ಬಲ್ಲವನು ಅಲ್ಲಿ ಉಳಿದವರಿಗಿಂತ ಮುಂದಿರುತ್ತಾನೆ.

ಇತ್ತೀಚಿನ ಕ್ಷೇತ್ರವೆಂದರೆ ಭಾಷಾ ತಂತ್ರಜ್ಞಾನ. ಕೇಂದ್ರೀಯ ಸಂಸ್ಥಾನದ ಭಾಷಾ ದತ್ತಾಂಶ ಯೋಜನೆ ಹಾಗೂ 2022ರಲ್ಲಿ ಚಾಲನೆಗೊಂಡ ‘ಭಾಷಿಣಿ’ಗೆ ಮಾತಿನ ಮಾದರಿಗಳು, ಅವುಗಳ ಲಿಪ್ಯಂತರಗಳು ಬೇಕು. ಯಂತ್ರಕ್ಕೆ ಬೆಂಗಳೂರಿನ ಕನ್ನಡವನ್ನಷ್ಟೇ ಕೇಳಿಸಿದರೆ ಕಲಬುರಗಿಯ ರೈತನ ಮಾತು ಅದಕ್ಕೆ ಅರ್ಥವಾಗಲಾರದು. ಲಿಪ್ಯಂತರವೆಂಬ, ಜಾನಪದ ವಿಭಾಗಗಳಲ್ಲಿ ಕಿರಿಯ ಸಂಶೋಧಕರ ತಲೆಗೆ ಕಟ್ಟುತ್ತಿದ್ದ ಕೆಲಸಕ್ಕೆ ಹೀಗೆ ಅನಿರೀಕ್ಷಿತವಾಗಿ ಬೆಲೆ ಬಂದಿದೆ. ಇದರೊಂದಿಗೆ ಹಳೆಯ ಪ್ರಶ್ನೆಯೊಂದು ಹೊಸ ರೂಪದಲ್ಲಿ ಎದುರಾಗಿದೆ: ಧ್ವನಿ ಕೊಟ್ಟವರ ಒಪ್ಪಿಗೆ ಮತ್ತು ಸಂಭಾವನೆ. ಹಾಡುಗಾರ್ತಿಯ ಹೆಸರನ್ನು ಅಡಿಟಿಪ್ಪಣಿಗೆ ತಳ್ಳಿ, ಸಂಪಾದಕನ ಹೆಸರನ್ನು ರಕ್ಷಾಪುಟದ ಮೇಲೆ ಮೆರೆಸಿದ ಪರಿಪಾಠ ಯಂತ್ರದ ಕಾಲದಲ್ಲಿ ಅಡಿಟಿಪ್ಪಣಿಯೂ ಇಲ್ಲದಂತಾಗುವ ಅಪಾಯವಿದೆ. ವಕ್ತೃವಿಗೆ ಏತಕ್ಕಾಗಿ ಮುದ್ರಿಸಿಕೊಳ್ಳುತ್ತಿರುವೆವೆಂದು ಅವಳ ಮಾತಿನಲ್ಲಿಯೇ ತಿಳಿಸಿ ಒಪ್ಪಿಗೆ ಪಡೆಯುವ ಕ್ರಮವನ್ನು ಪದವಿ ತರಗತಿಯಲ್ಲಿಯೇ ಅಭ್ಯಾಸ ಮಾಡಿಸಬೇಕಾಗಿದೆ.

ಕರ್ನಾಟಕ 2021ರಲ್ಲಿ ಅಳವಡಿಸಿಕೊಂಡ ನಾಲ್ಕು ವರ್ಷದ ಪದವಿಯ ವ್ಯವಸ್ಥೆ 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿತು. ಈ ಏರಿಳಿತದಲ್ಲಿ ಭಾಷಾ ಪಠ್ಯಕ್ರಮಗಳು ಹಲವು ಬಾರಿ ಬದಲಾದರೂ ಕ್ಷೇತ್ರಕಾರ್ಯಕ್ಕೆ ದೊರೆತ ಜಾಗ ಹೆಚ್ಚಿದಂತೆ ಕಾಣುವುದಿಲ್ಲ. ಅದಕ್ಕಾಗಿ ದೂರ ಹೋಗಬೇಕಾಗಿಯೂ ಇಲ್ಲ. ಸಂಗ್ರಹಕಾರ್ಯ ನಡೆಸಿದ ವಿಭಾಗಗಳ ಕಪಾಟುಗಳಲ್ಲಿ 1970 ಮತ್ತು 80ರ ದಶಕಗಳ ಸ್ಪೂಲುಗಳೂ ಕ್ಯಾಸೆಟ್ಟುಗಳೂ ಇವೆ. ಕಾಂತೀಯ ಪಟ್ಟಿಯ ಲೇಪ ಕಾಲ ಕಳೆದಂತೆ ಕಳಚುತ್ತದೆ, ಅವನ್ನು ನುಡಿಸುವ ಯಂತ್ರಗಳು ಅಪರೂಪವಾಗಿವೆ. ಅವುಗಳನ್ನು ಗಣಕಕ್ಕೆ ವರ್ಗಾಯಿಸುವುದು ತಂತ್ರಜ್ಞನ ಕೆಲಸ. ಆದರೆ ಊರು, ಹಾಡು, ಸಂದರ್ಭಗಳನ್ನು ಗುರುತಿಸಿ ಸೂಚಿ ಸಿದ್ಧಪಡಿಸಬೇಕಾದವನು ಆ ಸೀಮೆಯ ಮಾತು ಬಲ್ಲ ವಿದ್ಯಾರ್ಥಿ. ಅವನು ಕೇಳಿ ಬರೆದದ್ದರಲ್ಲಿ ಅರ್ಥವಾಗದ ಪದ ಬಂದಾಗ ವಿಚಾರಿಸಲು ಊರಿನಲ್ಲಿ ಇನ್ನೂ ಕೆಲವರು ಹಿರಿಯರಿದ್ದಾರೆ.