ಕೆಂಪು ದೀಪದ ಸಾಕ್ಷ್ಯ

ತರ್ಕಶಾಸ್ತ್ರವನ್ನು ಓದತೊಡಗಿದವನಿಗೆ ಮೊತ್ತಮೊದಲು ಎದುರಾಗುವ ದೃಷ್ಟಾಂತ ಬೆಟ್ಟ, ಹೊಗೆ, ಬೆಂಕಿಗಳದು. ಬೆಟ್ಟದ ಮೇಲೆ ಹೊಗೆ ಕಾಣುತ್ತಿದೆ. ಆದುದರಿಂದ ಅಲ್ಲಿ ಬೆಂಕಿಯಿರಬೇಕು. ನಮ್ಮ ನೈಯಾಯಿಕರು ಅಷ್ಟಕ್ಕೇ ನಿಲ್ಲಲಿಲ್ಲ. ಕಂಡದ್ದು ನಿಜವಾಗಿಯೂ ಹೊಗೆಯೇ, ಅಥವಾ ಬರಿಯ ಆವಿಯೇ ಎಂಬ ಪ್ರಶ್ನೆಯನ್ನೂ ಎತ್ತಿದರು. ತರಗತಿಯಲ್ಲಿ ಒಣಚರ್ಚೆಯಂತೆ ತೋರುವ ಈ ವಿಚಾರ ಒಂದು ಹಳೆಯ ವಾಹನದ ಮುಂದೆ ನಿಂತಾಗ ಎಷ್ಟು ಜೀವಂತವಾದುದೆಂಬುದು 2018ರ ಬೇಸಗೆಯಲ್ಲಿ, ಇಂಗ್ಲೆಂಡಿನಲ್ಲಿ, ನನಗೆ ಮನವರಿಕೆಯಾಯಿತು.

ಅಲ್ಲಿ ನೆಲಸಿರುವ ನನ್ನ ಭಾವನವರ ಬಳಿ 1972ರಲ್ಲಿ ತಯಾರಾದ ಫೋಕ್ಸ್‌ವ್ಯಾಗನ್ ಕ್ಯಾಂಪರ್ ವ್ಯಾನೊಂದಿದೆ. ಮಡಿಸಿಡಬಹುದಾದ ಹಾಸಿಗೆ, ಪುಟ್ಟ ಒಲೆ, ಪಾತ್ರೆ ತೊಳೆಯಲು ಒಂದು ತೊಟ್ಟಿ. ಗಾಲಿಗಳ ಮೇಲೆ ಕುಳಿತ ಸಂಸಾರವೆಂದರೆ ತಪ್ಪಾಗದು. ಬೆನ್ ಪಾನ್ ಎಂಬ ಡಚ್ ವ್ಯಾಪಾರಿ 1947ರಲ್ಲಿ ತನ್ನ ಟಿಪ್ಪಣಿ ಪುಸ್ತಕದಲ್ಲಿ ಗೀಚಿದ ಚಿತ್ರವೊಂದರಿಂದ ಹುಟ್ಟಿ, 1950ರಲ್ಲಿ ಜರ್ಮನಿಯಲ್ಲಿ ತಯಾರಾಗತೊಡಗಿದ ವಾಹನವಂಶವಿದು. 1960 ಮತ್ತು 70ರ ದಶಕಗಳಲ್ಲಿ ಯೂರೋಪಿನ ತರುಣರು ತುರ್ಕಿ, ಇರಾನ್, ಆಫ್ಘಾನಿಸ್ತಾನಗಳನ್ನು ದಾಟಿ ಭಾರತಕ್ಕೆ ಬಂದದ್ದು ಇಂಥ ವ್ಯಾನುಗಳಲ್ಲಿಯೂ ಹೌದು.

ಇದರ ಎಂಜಿನ್ನು ಹಿಂಬದಿಯಲ್ಲಿದೆ. ಅದನ್ನು ತಣಿಸಲು ನೀರಿಲ್ಲ; ಬೀಸಣಿಗೆಯ ಗಾಳಿ ಮತ್ತು ಒಳಗೆ ಹರಿಯುವ ಎಣ್ಣೆ, ಇವೆರಡೇ ಆಧಾರ. ಆ ಎಣ್ಣೆಯಾದರೂ ಎಷ್ಟು? ಎರಡೂವರೆ ಲೀಟರು. ಅದನ್ನು ಸೋಸಲು ಒಂದು ತಂತಿಯ ಜಾಲರಿಯಷ್ಟೇ ಉಂಟು. ಉಕ್ಕಿನ ದಂಡ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವಾಗ ಅದಕ್ಕೂ ಅದನ್ನು ಹೊತ್ತಿರುವ ಬೇರಿಂಗಿಗೂ ನಡುವೆ ಕೂದಲೆಳೆಗಿಂತ ತೆಳ್ಳಗಿನ ಎಣ್ಣೆಯ ಪದರ ನಿಂತಿರಬೇಕು. ಪದರ ಹರಿದರೆ ಲೋಹ ಲೋಹವನ್ನು ಉಜ್ಜುತ್ತದೆ. ಕೆಲವೇ ನಿಮಿಷಗಳಲ್ಲಿ ಎಂಜಿನ್ನು ಹಾಳಾಗುತ್ತದೆ.

ಎಣ್ಣೆಯನ್ನು ತಳ್ಳುವುದು ಪಂಪು. ಒತ್ತಡ ಹುಟ್ಟುವುದು ಮಾತ್ರ ಎಣ್ಣೆ ಸಾಗುವ ಸಂದುಗಳು ಕಿರಿದಾಗಿರುವುದರಿಂದ. ಸಂದು ಸವೆದು ಅಗಲವಾದರೆ ಒತ್ತಡ ಇಳಿಯುತ್ತದೆ. ಸಂದು ಸರಿಯಿದ್ದು ಎಣ್ಣೆಯೇ ನೀರಾದರೂ ಇಳಿಯುತ್ತದೆ. ಕಾಯಿಸಿದ ತುಪ್ಪ ಸೌಟಿನಿಂದ ಹೇಗೆ ಜಾರುತ್ತದೆಂಬುದನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಈ ಒತ್ತಡದ ವಿಷಯವನ್ನು ಚಾಲಕನಿಗೆ ತಿಳಿಸುವುದು ಅವನ ಕಣ್ಣೆದುರಿಗಿರುವ ಒಂದು ಕೆಂಪು ದೀಪ. ಅದರ ತಂತಿ ಎಂಜಿನ್ನಿನ ಮೇಲಿನ ಹೆಬ್ಬೆರಳಿನಷ್ಟು ದೊಡ್ಡ ಸ್ವಿಚ್ಚಿಗೆ ಹೋಗುತ್ತದೆ. ಒತ್ತಡವಿಲ್ಲದಾಗ ಸ್ವಿಚ್ಚು ಕೂಡಿಕೊಂಡಿರುತ್ತದೆ, ದೀಪ ಉರಿಯುತ್ತದೆ. ಒತ್ತಡ ಚದರ ಅಂಗುಲಕ್ಕೆ ಸುಮಾರು 2ರಿಂದ 6 ಪೌಂಡಿಗೆ ಏರಿತೆಂದರೆ ಸ್ವಿಚ್ಚು ಬಿಡುತ್ತದೆ, ದೀಪ ಆರುತ್ತದೆ. ದೀಪ ಬಲ್ಲದ್ದು ಇಷ್ಟೇ. ಏಕೆ ಇಳಿಯಿತು, ಎಷ್ಟು ಕಾಲದಿಂದ ಇಳಿಯುತ್ತಿದೆ ಎಂಬುದನ್ನು ಅದು ಹೇಳಲಾರದು.

ನಾವು ಸ್ಕಾಟ್ಲೆಂಡಿನಿಂದ ಹಿಂದಿರುಗುತ್ತಿದ್ದೆವು. ಎಂ6 ಹೆದ್ದಾರಿಯಲ್ಲಿ 1036 ಅಡಿ ಎತ್ತರದ ಶ್ಯಾಪ್ ಏರನ್ನು ಹತ್ತಿ ಇಳಿದು, ಕೆಂಡಲ್ ಕಡೆಗೆ ತಿರುಗುವ ಕೂಡುರಸ್ತೆಯಲ್ಲಿ ನಿಂತಾಗ ಕೆಂಪು ದೀಪ ಮಿಣುಕಿತು. ಎಂಜಿನ್ನಿನ ವೇಗ ಹೆಚ್ಚಿಸಿದರೆ ಆರುವುದು, ಇಳಿಸಿದರೆ ಮತ್ತೆ ಮಿಣುಕುವುದು. ಭಾವನವರು ಒಂದು ಮಾತನ್ನೂ ಆಡದೆ ವ್ಯಾನನ್ನು ಬದಿಗೆ ತಂದು ಎಂಜಿನ್ನನ್ನು ನಿಲ್ಲಿಸಿಬಿಟ್ಟರು. ದೀಪ ಸುಳ್ಳಾಡುತ್ತಿರಬಹುದೆಂಬ ಶಂಕೆ ಏನಿದ್ದರೂ ಎಂಜಿನ್ನು ನಿಂತ ಮೇಲಿನದು. ಅದಕ್ಕೆ ಮುಂಚೆ ದೀಪವನ್ನು ನಂಬಲೇಬೇಕು. ಅರ್ಧ ಗಂಟೆಯ ಅನಂತರ ಅಳೆಯುವ ಕಡ್ಡಿಯನ್ನು ಎಳೆದು ನೋಡಿದರು. ಎಣ್ಣೆ ಕಡಿಮೆಯಾಗಿರಲಿಲ್ಲ, ಮೇಲಿನ ಗೆರೆಯನ್ನೂ ದಾಟಿತ್ತು. ವ್ಯಾನು ಲಾರಿಯ ಮೇಲೇರಿ ಒಂದು ಗ್ಯಾರೇಜನ್ನು ಸೇರಿತು.

ಗ್ಯಾರೇಜಿನವರು ಮೊದಲು ಸಾಕ್ಷಿಯನ್ನೇ ಪರೀಕ್ಷಿಸಿದರು. ಕೀಲಿ ತಿರುಗಿಸಿ, ಎಂಜಿನ್ನು ನಡೆಸದೆ, ಸ್ವಿಚ್ಚಿನಿಂದ ತಂತಿಯನ್ನು ಕಿತ್ತರೆ ದೀಪ ಆರಬೇಕು. ಆರದಿದ್ದರೆ ತಂತಿ ಎಲ್ಲೋ ಸವೆದು ಲೋಹಕ್ಕೆ ತಗಲಿದೆಯೆಂದು ಅರ್ಥ. ದೀಪ ಆರಿತು. ಹೊಸ ಸ್ವಿಚ್ಚನ್ನು ಹಾಕಿದರು. ದೀಪ ಮತ್ತೆ ಮಿಣುಕಿತು. ಸ್ವಿಚ್ಚಿನ ಜಾಗದಲ್ಲಿ ಮುಳ್ಳಿನ ಗೇಜನ್ನು ತಿರುಗಿಸಿ ಕೂರಿಸಿದರು. ಎಣ್ಣೆ 70 ಡಿಗ್ರಿ ಸೆಲ್ಸಿಯಸ್ ಕಾದಿರುವಾಗ, ನಿಮಿಷಕ್ಕೆ 2500 ಸುತ್ತಿನಲ್ಲಿ, ಈ ಎಂಜಿನ್ನಿಗೆ 28 ಪೌಂಡಿಗೆ ಕಡಿಮೆಯಿರಬಾರದು. ಮುಳ್ಳು 20ರಲ್ಲಿ ನಿಂತಿತು. ಬೇರಿಂಗು ಸವೆದಿದೆ, ಎಂಜಿನ್ನನ್ನು ಇಳಿಸಿ ಪೂರ್ತಿ ಬಿಚ್ಚಬೇಕು ಎಂಬ ತೀರ್ಪು ಹೊರಟಿತು. ಹೇಳಿದ ಖರ್ಚನ್ನು ಕೇಳಿ ಭಾವನವರು ವ್ಯಾನನ್ನು ಮಾರಿಬಿಡುವ ಮಾತಾಡಿದರು. ಇಬ್ಬರು ಮಕ್ಕಳೂ ಬೆಳೆದದ್ದು ಪ್ರತಿ ಬೇಸಗೆ ಅದೇ ವ್ಯಾನಿನಲ್ಲಿ. ಮನೆಯಲ್ಲಿ ಆ ರಾತ್ರಿ ಊಟ ಯಾರಿಗೂ ರುಚಿಸಲಿಲ್ಲ.

ಪ್ರಯಾಣದ ಲೆಕ್ಕವನ್ನೆಲ್ಲ ಬರೆದಿಡುವವಳು ನನ್ನ ಅಕ್ಕ. ಅವಳು ಪುಸ್ತಕ ತೆರೆದು ಕೇಳಿದಳು: "ಅಲ್ಲಾರೀ, ಹೊರಡುವ ದಿನ ಎಣ್ಣೆ ಎರಡು ಗೆರೆಗಳ ನಡುವೆ ಇತ್ತು ಅಂತ ನೀವೇ ಬರೆಸಿದ್ದೀರಿ. ಆಮೇಲೆ ಹೊಸದು ಹಾಕಿಸಿಲ್ಲ. ಈಗ ಮೇಲಿನ ಗೆರೆ ದಾಟಿದೆ ಅಂತೀರಿ. ಹಾಕದೆ ಹೆಚ್ಚಿದ್ದು ಎಲ್ಲಿಂದ ಬಂತು?"

ಎಣ್ಣೆ ಕಡಿಮೆಯಿಲ್ಲವೆಂದು ಎಲ್ಲರೂ ಸಮಾಧಾನಪಟ್ಟಿದ್ದ ಸಂಗತಿಯೇ ಸುಳಿವಾಗಿತ್ತು. ಮರುದಿನ ಭಾವನವರು ಕಡ್ಡಿಯನ್ನು ಮೂಗಿನ ಬಳಿ ಹಿಡಿದರು, ಪೆಟ್ರೋಲಿನ ವಾಸನೆ. ಈ ಎಂಜಿನ್ನಿನ ಪೆಟ್ರೋಲ್ ಪಂಪಿನಲ್ಲಿ ಡಯಾಫ್ರಮ್ ಎಂಬ ರಬ್ಬರಿನ ಪೊರೆಯೊಂದಿದೆ. ಅದು ಹರಿದರೆ ಪೆಟ್ರೋಲು ಎಂಜಿನ್ನಿನ ಹೊಟ್ಟೆಗೇ ಸೋರಿ ಎಣ್ಣೆಯೊಡನೆ ಬೆರೆಯುತ್ತದೆ. ಪ್ರಮಾಣ ಏರುತ್ತದೆ, ಗುಣ ಇಳಿಯುತ್ತದೆ. ಬೆಂಕಿಯ ಭಯವೂ ಜೊತೆಗಿರುತ್ತದೆ. ಪಂಪನ್ನು ಬದಲಿಸಿ, ಕೆಟ್ಟ ಎಣ್ಣೆಯನ್ನೆಲ್ಲ ಬಸಿದು, ಜಾಲರಿ ತೊಳೆದು ಹೊಸ ಎಣ್ಣೆ ತುಂಬಿದ ಮೇಲೆ ಅದೇ ಗೇಜು, ಅದೇ ಬಿಸಿಯಲ್ಲಿ, ಅದೇ ವೇಗದಲ್ಲಿ 32 ಪೌಂಡು ತೋರಿಸಿತು.

ಗ್ಯಾರೇಜಿನವರನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಒತ್ತಡ ಇಳಿದದ್ದು ನಿಜ. ದೀಪವೂ ಗೇಜೂ ಸತ್ಯವನ್ನೇ ನುಡಿದಿದ್ದವು. ದೋಷವಿದ್ದದ್ದು ಕಾರ್ಯದಿಂದ ಕಾರಣಕ್ಕೆ ನೆಗೆದ ಆ ಒಂದು ಹೆಜ್ಜೆಯಲ್ಲಿ. ಒಂದು ಕಾರ್ಯಕ್ಕೆ ಕಾರಣಗಳು ಹಲವಿರಬಹುದು. ಎಣ್ಣೆ ಕಡಿಮೆಯಾಗಿರಬಹುದು, ತೆಳುವಾಗಿರಬಹುದು. ಹೆಚ್ಚಿನ ಒತ್ತಡವನ್ನು ಬಿಟ್ಟುಕೊಡುವ ಕವಾಟ ಕೊಳೆಯಿಂದ ತೆರೆದೇ ನಿಂತಿರಬಹುದು. ಎಣ್ಣೆಯ ಪಂಪಿನ ಹಲ್ಲುಚಕ್ರಕ್ಕೂ ಮುಚ್ಚಳಕ್ಕೂ ನಡುವಣ ಸಂದು 0.1 ಮಿಲಿಮೀಟರನ್ನು ಮೀರಿರಬಹುದು. ಬೇರಿಂಗಿನ ಸವೆತ ಈ ಸಾಲಿನ ಕೊನೆಯದು. ಸುಲಭವಾಗಿ ನೋಡಬಹುದಾದುದನ್ನು ಮೊದಲು, ಬಿಚ್ಚಿ ನೋಡಬೇಕಾದುದನ್ನು ಕಡೆಗೆ ನೋಡುವುದೇ ಕ್ರಮ. ಹಸ್ತಪ್ರತಿಯಲ್ಲಿ ಪಾಠ ತೊಡಕೆನಿಸಿದೊಡನೆ ಕವಿಯೇ ತಪ್ಪಿದನೆನ್ನುವ ಮೊದಲು ಲಿಪಿಕಾರನ ಕೈಯನ್ನು ನೋಡಿರೆಂದು ವಿದ್ಯಾರ್ಥಿಗಳಿಗೆ ನಾವು ಹೇಳುವುದೂ ಇದನ್ನೇ.

ಇಂಥ ವಾಹನವಿರುವವರು ನೆನಪಿಡಬೇಕಾದ ಇನ್ನೊಂದು ಮಾತುಂಟು. ಎಂಜಿನ್ನು ಹೊರಡುವ ಮೊದಲು ಕೀಲಿ ತಿರುಗಿಸಿದಾಗ ಆ ಕೆಂಪು ದೀಪ ಉರಿಯಲೇಬೇಕು. ಉರಿಯದಿದ್ದರೆ ಬಲ್ಬು ಕೆಟ್ಟಿದೆ, ತಂತಿ ಕಡಿದಿದೆ, ಇಲ್ಲವೇ ಸ್ವಿಚ್ಚು ಸತ್ತಿದೆ; ಬೇರಿಂಗುಗಳು ಒಣಗಿ ಉಜ್ಜಿದರೂ ಅಂಥ ದೀಪ ಚಾಲಕನಿಗೆ ಏನನ್ನೂ ಹೇಳದು. ಭಾವನವರು ಈಗಲೂ ಹೊರಡುವ ಮುನ್ನ ಕ್ಷಣಕಾಲ ಆ ದೀಪವನ್ನು ನೋಡುತ್ತಾರೆ. ಅಕ್ಕ ಕಡ್ಡಿಯ ಗುರುತನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಾಳೆ.