ಅಕ್ಕನ ಸೊಂಟದ ಮೇಲಿನ ಕೂಸು

ನಮ್ಮ ಮಗ್ಗೆ, ಆಲೂರು, ಸಕಲೇಶಪುರದ ಕಡೆ ಕಾಫಿ ಹಣ್ಣಾಗುವುದು ನವೆಂಬರ್ ಹೊತ್ತಿಗೆ. ಅಲ್ಲಿಂದ ಫೆಬ್ರವರಿವರೆಗೆ ಮೊದಲು ಅರೇಬಿಕಾ, ಆಮೇಲೆ ರೋಬಸ್ಟಾ ಎಂದು ತೋಟಗಳಲ್ಲಿ ಬಿಡುವಿಲ್ಲದ ಕೆಲಸ. ಈ ತಿಂಗಳುಗಳಲ್ಲಿ ಶಾಲೆಯ ಹಾಜರಿ ಪುಸ್ತಕ ತೆರೆದರೆ ಕೆಲವು ಹೆಸರುಗಳ ಮುಂದೆ ಗೈರುಹಾಜರಿ ಸಾಲಾಗಿ ಕಾಣುತ್ತದೆ. ಹೆಚ್ಚಿನವು ಹೆಣ್ಣುಮಕ್ಕಳ ಹೆಸರುಗಳೇ. ಯಾಕಮ್ಮಾ ಬರಲಿಲ್ಲ ಎಂದು ಕೇಳಿದರೆ ಉತ್ತರವೂ ಒಂದೇ: "ಪಾಪೂನ ನೋಡ್ಕೋಬೇಕಿತ್ತು ಸಾರ್."

ನೋಡಿಕೊಳ್ಳುವುದು ಎಂಬ ಮಾತನ್ನು ನಾವು ಎಷ್ಟು ಸಲೀಸಾಗಿ ಆಡಿಬಿಡುತ್ತೇವೆ! ತೋಟಕ್ಕೆ ಹೊರಟ ತಾಯಿ "ಅಜ್ಜಿ ನೋಡ್ಕೋತಾರೆ" ಎನ್ನುತ್ತಾಳೆ, ಅಜ್ಜಿ "ಅಕ್ಕ ನೋಡ್ಕೋತಾಳೆ" ಎನ್ನುತ್ತಾರೆ. ಎಂಟು ವರ್ಷದ ಅಕ್ಕ ಕೂಸನ್ನು ಸೊಂಟದ ಮೇಲೆ ಕೂರಿಸಿಕೊಂಡು ಕುಂಟಾಬಿಲ್ಲೆ ನೋಡುತ್ತಾ ನಿಂತಿರುತ್ತಾಳೆ. ಎಳೆಯ ಮಕ್ಕಳ ಗಾಯಗಳ ಬಗ್ಗೆ ಅಧ್ಯಯನ ಮಾಡಿದವರು ಈ 'ನೋಡಿಕೊಳ್ಳುವಿಕೆ'ಯಲ್ಲಿ ಮೂರು ಅಂಶಗಳನ್ನು ಗುರುತಿಸುತ್ತಾರೆ. ಕಣ್ಣೂ ಕಿವಿಯೂ ಮಗುವಿನ ಮೇಲಿರಬೇಕು. ಕೈಗೆಟುಕುವಷ್ಟು ಹತ್ತಿರದಲ್ಲಿರಬೇಕು. ಇವೆರಡೂ ನಡುವೆ ಕಡಿಯದೆ ಇರಬೇಕು. ಈ ಅಳತೆಗೋಲು ಹಿಡಿದು ನಮ್ಮ ಮನೆಗಳನ್ನು ಒಮ್ಮೆ ನೋಡಿ. ಅಜ್ಜಿಯ ಗಮನಕ್ಕೆ ಕೊರತೆಯಿಲ್ಲ, ಆದರೆ ಮೊಣಕಾಲು ನೋವಿನಿಂದ ಜಗುಲಿಯಿಂದ ಏಳಲಾರರು. ಅಕ್ಕ ಹತ್ತಿರವೇ ಇದ್ದಾಳೆ, ಮನಸ್ಸು ಆಟದಲ್ಲಿದೆ. ತಾಯಿಗೆ ಎರಡೂ ಉಂಟು, ಆದರೆ ಒಲೆಯ ಮೇಲೆ ಹಾಲು ಉಕ್ಕುತ್ತದೆ, ಒಂದು ನಿಮಿಷ ಒಳಗೆ ಹೋಗುತ್ತಾಳೆ. ಅಪ್ಪನ ಕೈಯಲ್ಲಿ ಮೊಬೈಲ್ ಇದ್ದರೆ ಆತ ಪಕ್ಕದಲ್ಲೇ ಕೂತಿದ್ದರೂ ಇಲ್ಲದಂತೆಯೇ ಲೆಕ್ಕ.

ಆ ಒಂದು ನಿಮಿಷವನ್ನೇ ಲೆಕ್ಕ ಹಾಕೋಣ. ಈಗಷ್ಟೇ ನಡೆಯಲು ಕಲಿತ ಮಗುವಿನ ವೇಗ ಸೆಕೆಂಡಿಗೆ ಅರ್ಧ ಮೀಟರ್ ಎಂದು ಕಡಿಮೆಯೇ ಹಿಡಿದರೂ ಒಂದು ನಿಮಿಷಕ್ಕೆ 30 ಮೀಟರ್ ಆಯಿತು. ಲೈನ್ ಮನೆಯ ಬಾಗಿಲಿನಿಂದ ನೀರಿನ ತೊಟ್ಟಿಗೆ ಅಷ್ಟು ದೂರ ಇರುವುದೇ ಅಪರೂಪ.

ಅಕ್ಕಂದಿರ ವಿಷಯದಲ್ಲಿ ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದ ಮನಃಶಾಸ್ತ್ರಜ್ಞೆ ಬಾರ್ಬರಾ ಮೊರೊಂಜಿಯೆಲೊ ಮತ್ತು ಅವರ ಜೊತೆಗಾರರು ಕಂಡುಕೊಂಡ ಸಂಗತಿಯನ್ನು ತಂದೆತಾಯಿಗಳು ತಿಳಿದಿರಬೇಕು. ತಾಯಿಯ ಬದಲು ಅಕ್ಕನೋ ಅಣ್ಣನೋ ನೋಡಿಕೊಳ್ಳುವಾಗ ಚಿಕ್ಕ ಮಗುವಿಗೆ ಪೆಟ್ಟಾಗುವ ಸಂಭವ ಹೆಚ್ಚು. ಇದರಲ್ಲಿ ದೊಡ್ಡ ಮಗುವಿನ ಅಜಾಗರೂಕತೆಯಷ್ಟೇ ಇರುವುದಲ್ಲ. ತಾಯಿ ಬೇಡ ಎಂದರೆ ನಿಲ್ಲುವ ಕೂಸು, ಅಕ್ಕ ಬೇಡ ಎಂದರೆ ನಿಲ್ಲುವುದಿಲ್ಲ. ಆದ್ದರಿಂದ ಅನಾಹುತವಾದಾಗ ಆ ಎಂಟು ವರ್ಷದವಳ ಬೆನ್ನಿಗೆ ಬೀಳುವ ಏಟು ಅನ್ಯಾಯದ ಏಟು. ಇನ್ನೊಂದು ಕಡೆ "ಹಣೆಬರಹ", "ಯಾರದೋ ದೃಷ್ಟಿ ತಾಗಿತು" ಎನ್ನುವವರೂ ಇದ್ದಾರೆ. ದೃಷ್ಟಿಬೊಟ್ಟು ಇಡುವುದಕ್ಕೆ ನನ್ನ ತಕರಾರಿಲ್ಲ. ಅದನ್ನು ಇಟ್ಟ ಮೇಲೆ ಬಚ್ಚಲುಮನೆಯ ಚಿಲಕವನ್ನೂ ಹಾಕಬೇಕು ಎಂಬುದಷ್ಟೇ ನನ್ನ ಮಾತು.

ಬಚ್ಚಲುಮನೆ ಎಂದೆ. ಮಲೆನಾಡಿನ ಮನೆಯಲ್ಲಿ ಸೌದೆ ಒಲೆಯ ಹಂಡೆಯಲ್ಲಿ ನೀರು ಸದಾ ಕಾಯುತ್ತಿರುತ್ತದೆ. 60 ಡಿಗ್ರಿ ಸೆಲ್ಸಿಯಸ್ ನೀರು ದೊಡ್ಡವರ ಚರ್ಮವನ್ನು ಆಳವಾಗಿ ಸುಡಲು ಸುಮಾರು 5 ಸೆಕೆಂಡು ಸಾಕು. ಮಕ್ಕಳ ಚರ್ಮ ತೆಳು, ಅಷ್ಟೂ ಬೇಕಿಲ್ಲ. ಚೆನ್ನಾಗಿ ಕಾದ ಹಂಡೆಯ ನೀರು ಇದಕ್ಕಿಂತ ಬಹಳ ಬಿಸಿ. ಬಹುತೇಕ ಮನೆಗಳಲ್ಲಿ ಬಕೆಟ್ಟಿಗೆ ಮೊದಲು ಬಿಸಿನೀರು ತೋಡಿ, ಆಮೇಲೆ ತಣ್ಣೀರು ಬೆರೆಸುತ್ತಾರೆ. ತಣ್ಣೀರು ತರಲು ತಿರುಗಿದ ಆ ಗಳಿಗೆಯಲ್ಲೇ ಮಗು ಕೈ ಅದ್ದುವುದು, ಬಕೆಟ್ ಎಳೆದುಕೊಳ್ಳುವುದು. ಮೊದಲು ತಣ್ಣೀರು, ಮೇಲೆ ಬಿಸಿನೀರು ಎಂದು ಕ್ರಮ ಬದಲಾಯಿಸಿದರೆ ಒಂದು ಕಾಸಿನ ಖರ್ಚಿಲ್ಲ.

ಎಂಟು, ಒಂಬತ್ತನೇ ತರಗತಿಯ ವಿದ್ಯಾರ್ಥಿಗಳಿಗೆ ಇದೊಂದು ಒಳ್ಳೆಯ ಲೆಕ್ಕ. ಹಂಡೆಯ ನೀರು 80 ಡಿಗ್ರಿ, ತೊಟ್ಟಿಯ ನೀರು 20 ಡಿಗ್ರಿ ಇದ್ದು, ಮಗುವಿನ ಸ್ನಾನಕ್ಕೆ 38 ಡಿಗ್ರಿ ಬೇಕೆಂದರೆ ಹತ್ತು ತಂಬಿಗೆಯಲ್ಲಿ ಬಿಸಿನೀರು ಎಷ್ಟು? ಮೂರೇ ತಂಬಿಗೆ. ಅರ್ಧಕ್ಕರ್ಧ ಬೆರೆಸಿದರೆ 50 ಡಿಗ್ರಿ ಆಗುತ್ತದೆ, ಮಗುವಿಗೆ ಅದು ಅಪಾಯ. ದೊಡ್ಡವರನ್ನು ಜೊತೆಗಿಟ್ಟುಕೊಂಡು ಪ್ರಯೋಗಾಲಯದ ಥರ್ಮಾಮೀಟರಿನಿಂದ ಅಳೆದು ನೋಡಿ. ಜ್ವರ ನೋಡುವ ಗಾಜಿನ ಥರ್ಮಾಮೀಟರನ್ನು ಮಾತ್ರ ಅದ್ದಬೇಡಿ, 42 ಡಿಗ್ರಿ ದಾಟಿದರೆ ಒಡೆದು ಪಾದರಸ ಚೆಲ್ಲೀತು. ಇನ್ನು ಅಡುಗೆಮನೆಯಲ್ಲಿ ಅನ್ನ ಬಸಿದ ಗಂಜಿಯನ್ನು ನೆಲದ ಮೇಲಿಡುವ ರೂಢಿಯಿದೆ. ಗಂಜಿ ಮಂದವಾದದ್ದು; ನೀರಿನಂತೆ ಜಾರಿ ಹೋಗದೆ ಮೈಗೆ ಅಂಟಿಕೊಂಡು ಸುಡುತ್ತದೆ.

ಬಿಸಿನೀರಿನಷ್ಟೇ ತಣ್ಣೀರಿಗೂ ಹೆದರಬೇಕು. ಎಳೆಯ ಮಗುವಿನ ತಲೆ ದೇಹಕ್ಕೆ ಹೋಲಿಸಿದರೆ ಭಾರ. ಬಕೆಟ್ಟಿಗೆ ಬಗ್ಗಿದ ಮಗು ತಲೆಕೆಳಗಾಗಿ ಬಿದ್ದರೆ ಮತ್ತೆ ಮೇಲೇಳುವ ಶಕ್ತಿ ತೋಳಿಗಿಲ್ಲ. ಮೂಗು ಬಾಯಿ ಮುಳುಗುವಷ್ಟು, ನಾಲ್ಕು ಬೆರಳು ನೀರು ಸಾಕು. ಮುಳುಗುವ ಮಗು ಕೂಗುವುದಿಲ್ಲ, ಕೂಗಲು ಉಸಿರೇ ಇರುವುದಿಲ್ಲ. "ಸದ್ದೇ ಕೇಳಲಿಲ್ಲ" ಎನ್ನುವುದು ಇಂಥ ಮನೆಗಳಲ್ಲಿ ಕೇಳಿಬರುವ ಮಾತು, ಅದು ನಿಜವೂ ಹೌದು. 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರೆಂದೂ ಅವರಲ್ಲಿ ಹೆಚ್ಚುಕಡಿಮೆ ಕಾಲುಭಾಗ ಐದು ವರ್ಷದೊಳಗಿನ ಮಕ್ಕಳೆಂದೂ ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿ ಹೇಳುತ್ತದೆ. ನಮ್ಮಲ್ಲಿ ಕಾಫಿಗೆ ನೀರು ಹಾಯಿಸಲು ತೆಗೆದ ಹೊಂಡಗಳಿವೆ. ಅವುಗಳಲ್ಲಿ ಪ್ಲಾಸ್ಟಿಕ್ ಹೊದಿಕೆಯವು ಬಹಳ ಕೆಟ್ಟವು, ಪಾಚಿ ಕಟ್ಟಿದ ಮೇಲೆ ದೊಡ್ಡವರಿಗೂ ಹತ್ತಿ ಬರಲಾಗದು. ಸುತ್ತ ಬೇಲಿ ಬೇಕೇ ಬೇಕು. ಜೊತೆಗೆ ದಡದ ಮರಕ್ಕೆ ಬಿಗಿದು ನೀರಿಗಿಳಿಬಿಟ್ಟ ಗಂಟಿನ ಹಗ್ಗವೂ ಒಂದಿರಲಿ.

ಮಳೆಗಾಲಕ್ಕೆ ಮುಂಚೆ ಬೋರ್ಡೊ ದ್ರಾವಣದ ಸಾಮಾನು ಮನೆಗೆ ಬರುತ್ತದೆ. ಶೇಕಡಾ 1ರ ದ್ರಾವಣವೆಂದರೆ 100 ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ. ಮೈಲುತುತ್ತ ಎಂದರೆ ತಾಮ್ರದ ಸಲ್ಫೇಟ್. ತರಗತಿಯಲ್ಲಿ ಅದರ ನೀಲಿ ಹರಳು ತೋರಿಸಿದಾಗ ಹೈಸ್ಕೂಲು ಮಕ್ಕಳೇ "ಎಷ್ಟು ಚೆಂದ ಸಾರ್" ಎನ್ನುತ್ತಾರೆ. ಎರಡು ವರ್ಷದ ಮಗುವಿಗೆ ಅದು ಬಣ್ಣದ ಕಲ್ಲುಸಕ್ಕರೆಯಲ್ಲದೆ ಇನ್ನೇನು? ಸುಟ್ಟ ಸುಣ್ಣಕ್ಕೆ ನೀರು ಬಿದ್ದರೆ ಕುದಿಯುವಷ್ಟು ಶಾಖ ಹೊರಡುತ್ತದೆ, ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು. ಉಳಿದ ಕೀಟನಾಶಕವನ್ನು ತಂಪುಪಾನೀಯದ ಬಾಟಲಿಗೆ ಬಗ್ಗಿಸಿಡುವ ಅಭ್ಯಾಸವನ್ನಂತೂ ಇವತ್ತೇ ಬಿಡಬೇಕು. ಮಗು ಸೀಮೆಎಣ್ಣೆಯನ್ನೋ ಔಷಧಿಯನ್ನೋ ಕುಡಿದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ವಾಂತಿಯಾಗುವಾಗ ಸೀಮೆಎಣ್ಣೆ ಶ್ವಾಸಕೋಶಕ್ಕೆ ಇಳಿಯುತ್ತದೆ, ಕೊಲ್ಲುವುದು ಅದೇ. 108ಕ್ಕೆ ಫೋನ್ ಮಾಡಿ, ಕುಡಿದ ಬಾಟಲಿಯನ್ನೂ ಆಸ್ಪತ್ರೆಗೆ ಕೊಂಡೊಯ್ಯಿರಿ.

ಇಷ್ಟೆಲ್ಲ ಹೇಳಿದರೆ ಕೂಲಿಗೆ ಹೋಗುವ ತಾಯಿ ಕೇಳುವ ಪ್ರಶ್ನೆ ನೇರವಾದದ್ದು: "ನಾನು ಮನೇಲಿ ಕೂತರೆ ಒಲೆ ಉರಿಯೋದು ಹೇಗೆ?" ಬಾಂಗ್ಲಾದೇಶದಲ್ಲಿ ಇದಕ್ಕೊಂದು ಉತ್ತರ ಹುಡುಕಿದರು. ತಾಯಂದಿರು ಕೆಲಸದಲ್ಲಿ ಮುಳುಗಿರುವ ಬೆಳಿಗ್ಗೆ 9ರಿಂದ ಮಧ್ಯಾಹ್ನ 1ರವರೆಗೆ, ಹಳ್ಳಿಯ ಒಬ್ಬ ಹೆಂಗಸು ತನ್ನ ಮನೆಯಲ್ಲೇ ಸುತ್ತಲಿನ ಎಳೆಯ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ. ಕೆರೆಕುಂಟೆಗಳೇ ತುಂಬಿದ ಆ ನಾಡಿನಲ್ಲಿ, ಅಲ್ಲಿಗೆ ಬರುವ ಮಕ್ಕಳು ಮುಳುಗಿ ಸಾಯುವುದು ಬಹಳ ಇಳಿಯಿತು.

ನಮ್ಮಲ್ಲಿಯೂ 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆ, 50 ಮಂದಿ ಹೆಂಗಸರು ದುಡಿಯುವ ತೋಟದಲ್ಲಿ ಶಿಶುವಿಹಾರ ಇರಬೇಕೆಂದು ಹೇಳಿತ್ತು. ಆದರೆ ನಮ್ಮ ಕಡೆಯ ಹೆಚ್ಚಿನ ಹಿಡುವಳಿಗಳು ಸಣ್ಣವು, ಅಲ್ಲಿಗೆ ಆ ಮಾತು ಮುಟ್ಟಲಿಲ್ಲ. ಅಂಗನವಾಡಿಯ ಆಟಪಾಠ ಇರುವುದು 3 ವರ್ಷ ತುಂಬಿದವರಿಗೆ. ನರೇಗಾ ಕೂಲಿಕಾರರ ಮಕ್ಕಳಿಗಾಗಿ 4,000 ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ತೆರೆಯುವುದಾಗಿ ರಾಜ್ಯ ಸರ್ಕಾರ 2023ರಲ್ಲಿ ಪ್ರಕಟಿಸಿತು. ನಿಮ್ಮ ಪಂಚಾಯಿತಿಯಲ್ಲಿ ಅದು ಉಂಟೇ ಎಂದು ವಿಚಾರಿಸಿ. ಇಲ್ಲದಿದ್ದರೆ ನಾಲ್ಕೈದು ಬೆಳೆಗಾರರು ಸೇರಿ, ಕುಯ್ಲಿನ ಮೂರು ತಿಂಗಳು ಲೈನಿನ ಒಬ್ಬ ಗಟ್ಟಿಮುಟ್ಟಾದ ಹೆಂಗಸಿಗೆ ಹಣ್ಣು ಬಿಡಿಸುವ ಕೂಲಿಯನ್ನೇ ಕೊಟ್ಟು ಕೂಸುಗಳನ್ನು ನೋಡಿಕೊಳ್ಳಲು ಕೂರಿಸುವುದು ಕಷ್ಟವೇನಲ್ಲ. ಒಂದು ಆಳಿನ ಕೂಲಿಯನ್ನು ನಾಲ್ಕೈದು ಪಾಲು ಮಾಡಿದರೆ ಎಷ್ಟಾದೀತು? ಅಕ್ಕಂದಿರು ಶಾಲೆಗೆ ಬಂದಾರು.

ಅವರು ಬಂದಾಗ ನಾನು ಮೊದಲು ಕಲಿಸುವುದು ಸುಟ್ಟ ಗಾಯದ ಆರೈಕೆ. ಟೂತ್‌ಪೇಸ್ಟ್, ಇಂಕು, ಅರಿಶಿನ, ಬೆಣ್ಣೆ ಯಾವುದೂ ಬೇಡ, ಐಸ್ ಕೂಡ ಬೇಡ. ಬಳೆ, ಕಾಲ್ಗೆಜ್ಜೆ ಇದ್ದರೆ ಊದಿಕೊಳ್ಳುವ ಮೊದಲೇ ಬಿಚ್ಚಬೇಕು. ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಬೇಕು, ಅಂದರೆ ನಮ್ಮ ಶಾಲೆಯ ಅರ್ಧ ಪೀರಿಯಡ್. ಆಮೇಲೆ ಶುಭ್ರವಾದ ಬಟ್ಟೆ ಸಡಿಲವಾಗಿ ಮುಚ್ಚಿ ಆಸ್ಪತ್ರೆಗೆ. ಡಿಸೆಂಬರ್ ಚಳಿಯಲ್ಲಿ ಅಷ್ಟು ಹೊತ್ತು ನೀರು ಬಿಟ್ಟರೆ ಕೂಸು ನಡುಗುತ್ತದೆ. ಸುಟ್ಟ ಜಾಗವೊಂದನ್ನು ಬಿಟ್ಟು ಉಳಿದ ಮೈಗೆ ಕಂಬಳಿ ಸುತ್ತಿರಿ.